ಕಬ್ಬಿಣದ ಟೊಪ್ಪಿಗೆ ಹೊತ್ತುಕೊಂಡು ಶ್ರೀಲಂಕಾಕ್ಕೆ

ಉದ್ಯಮಬಾಗ

ನಮ್ಮ ಈರಣ್ಣ ಕಾಕಾನ ಹತ್ತಿರ ಜನನ ಪ್ರಮಾಣಪತ್ರ ಇಲ್ಲ. ಸಾಲಿಗೆ ಹಚ್ಚುವಾಗ ಮಾಸ್ತರು ಜೂನ್ ಒಂದು ಅಂತ ಬರೆದುಕೊಂಡರಂತೆ. ಖಾನಾಪುರದಲ್ಲಿ ಅವರ ವಾರಿಗೆಯ ಅರ್ಧ ಮಂದಿ ಜೂನ್ ಒಂದಕ್ಕೇ ಹುಟ್ಟಿದ್ದಾರೆ. ಆದರೆ ಕಾಕಾ ಬೆಳಗಾವಿಯ ಉದ್ಯಮಬಾಗದ ತಮ್ಮ ಫೌಂಡ್ರಿಯಲ್ಲಿ ಎರಕ ಹೊಯ್ದ ಒಂದು ಕಬ್ಬಿಣದ ಟೊಪ್ಪಿಗೆಗೆ ಮಾತ್ರ ಪ್ರಮಾಣಪತ್ರ ಇದೆ. ಇದು ಹುಟ್ಟಿದ್ದು ಭಾರತದಲ್ಲೇ ಅಂತ ಸಹಿ ಸಿಕ್ಕಾ ಸಮೇತ ಬರೆದ ಕಾಗದ. ಅದನ್ನು ಓಡಾಡಿ ಮಾಡಿಸಿದವಳು ನಾನು. ಕಾಗದ ಕೈಗೆ ಬಂದ ದಿನ ಕಾಕಾ ಅದನ್ನು ಕನ್ನಡಕ ಹಾಕಿಕೊಂಡು ನೋಡಿದರು. "ಕಬ್ಬಣಕ್ಕ ಜಾತಕ ಬರಿಸಿದಿಯಲ್ಲವಾ ಗಂಗವ್ವ. ಇನ್ನ ಕನ್ಯಾ ನೋಡೂದೊಂದ ಉಳೀತು" ಅಂದರು. ಶೆಡ್ಡಿನಲ್ಲಿದ್ದವರೆಲ್ಲ ಒಂದು ವಾರ ಅದನ್ನೇ ಹೇಳಿ ನಕ್ಕರು.

ಟೊಪ್ಪಿಗೆ ಅಂದರೆ ತಲೆಗೆ ಹಾಕುವುದಲ್ಲ. ಚಹಾ ಕಾರ್ಖಾನೆಯಲ್ಲಿ ಹಸಿ ಎಲೆ ಹೊಸೆಯುವ ಒಂದು ದೊಡ್ಡ ಯಂತ್ರ ಇರುತ್ತದೆ, ನಮ್ಮ ಬೀಸುಕಲ್ಲಿನ ಮುತ್ತಜ್ಜನಂಥದ್ದು. ಅದಕ್ಕೆ ಮೂರು ಕಾಲು. ಒಂದೊಂದು ಕಾಲಿನ ಮೇಲೂ ಒಂದು ಎರಕದ ಮುಚ್ಚಳ, ಆ ಮೂರರ ಮೇಲೆ ಇಡೀ ಯಂತ್ರ ಕೂತು ತಿರುಗುತ್ತದೆ. ಆ ಮುಚ್ಚಳಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರು. ನಮ್ಮ ಶೆಡ್ಡಿನಲ್ಲಿ ಟೊಪಗಿ.

ನಾನು ಓದಿದ್ದು ಬಿ.ಎ. ಕಾಕಾನ ಆಫೀಸಿನಲ್ಲಿ ಬಿಲ್ಲು ಮಾಡಲು ಬಂದವಳಿಗೆ ಈ ಪರದೇಶದ ವ್ಯಾಪಾರದ ಹುಚ್ಚು ಹೇಗೆ ಹತ್ತಿತೋ ಗೊತ್ತಿಲ್ಲ. ದೇಸೂರಿನ ರೈಲ್ವೆ ಗೇಟು ಬಿದ್ದಾಗ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಸರ್ಕಾರದ ಸುತ್ತೋಲೆ ಓದುವ ಹುಡುಗಿಯನ್ನು ನೀವು ನೋಡಿದ್ದರೆ ಅದು ನಾನೇ. ಹಾಗೆ ಓದುತ್ತಾ ಓದುತ್ತಾ ಭಾರತಕ್ಕೂ ಶ್ರೀಲಂಕಾಕ್ಕೂ ಒಂದು ಮುಕ್ತ ವ್ಯಾಪಾರ ಒಪ್ಪಂದ ಇದೆ ಅಂತ ಗೊತ್ತಾಯಿತು. ಇಲ್ಲಿ ಹುಟ್ಟಿದ ಎಷ್ಟೋ ಸಾಮಾನಿಗೆ ಅಲ್ಲಿ ಸುಂಕ ಕಡಿಮೆ, ಕೆಲವಕ್ಕೆ ಇಲ್ಲವೇ ಇಲ್ಲ. ಅಲ್ಲಿಯದಕ್ಕೂ ಇಲ್ಲಿ ಹಾಗೇ. ನನಗೆ ಎದ್ದು ಕುಣಿಯಬೇಕು ಅನಿಸಿತು.

ಕಾಕಾಗೆ ತಿಳಿಸುವುದು ಕಷ್ಟವಾಗಲಿಲ್ಲ. ಬೆಳಗಾವಿಯವರಿಗೆ ಗಡಿ ಅಂದರೆ ಏನು ಅಂತ ಹೇಳಿಕೊಡಬೇಕೇ? ಗೋವಾದ ದಾರಿಯ ಸುಂಕದ ನಾಕಾದಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದು, ಡ್ರೈವರುಗಳು ಲಾರಿಯ ಕೆಳಗೆ ಅಡಿಗೆ ಮಾಡಿಕೊಂಡು ಉಣ್ಣುತ್ತಿದ್ದದ್ದು ಅವರೇ ನೋಡಿದ್ದು. ಆ ನಾಕಾ ತೆಗೆದ ಮೇಲೆ ಮುಂಜಾನೆ ಬಿಟ್ಟ ಮಾಲು ಮಧ್ಯಾಹ್ನಕ್ಕೆ ಮುಟ್ಟತೊಡಗಿತಲ್ಲ, ಸಮುದ್ರದ ನಡುವೆ ಅಂಥದೇ ಒಂದು ನಾಕಾ ತೆಗೆದಿದ್ದಾರೆ ಅಂದೆ. ಕಾಕಾ ಕೈಯಲ್ಲಿದ್ದ ಬಿಲ್ಲು ಬದಿಗಿಟ್ಟು, "ಹಂಗಂದ್ರ ಲಂಕಾ ಈಗ ಗೋವಾಕಿಂತ ಸಮೀಪ ಆತ ಅನ್ನು" ಅಂದರು.

ಅವರು ಹೀಗೆ ಕಿವಿಗೊಟ್ಟು ಕೇಳಿದ್ದಕ್ಕೆ ಕಾರಣ ಇತ್ತು. ಕಾಕಾನ ಶೆಡ್ಡಿನಲ್ಲಿ ಎರಡು ಭಟ್ಟಿ. ಪಂಪಿನ ಭಾಗ ಕೊಳ್ಳುತ್ತಿದ್ದವರು ಬೇರೆ ಕಡೆ ಹೋದ ಮೇಲೆ ಒಂದು ಆರಿತ್ತು. ಬಾಜುವಿನವರು ಶೆಡ್ಡನ್ನು ಗೋದಾಮಿಗೆ ಕೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಶ್ರೀಲಂಕಾದ ಒಂದು ಚಹಾ ಕಾರ್ಖಾನೆ ಹಳೆಯ ಯಂತ್ರಕ್ಕೆ ಟೊಪ್ಪಿಗೆ ಎರಕ ಹೊಯ್ದು ಕೊಡುವವರು ಯಾರಾದರೂ ಇದ್ದೀರಾ ಅಂತ ಅಂತರ್ಜಾಲದಲ್ಲಿ ಕೇಳಿದ್ದು ನನ್ನ ಕಣ್ಣಿಗೆ ಬಿತ್ತು. ನಾನು ಬರೆದಾಗ ಅವರು ಯಂತ್ರದ ಮೂಲ ಅಳತೆ ಕಳಿಸಿ, ಮೊದಲು ಒಂದು ಮಾದರಿ ತನ್ನಿ, ಸರಿಯಾಗಿ ಕೂತರೆ ನಮ್ಮ ಎಲ್ಲಾ ಯಂತ್ರಗಳಿಗೂ ನೀವೇ ಕೊಡಿ ಅಂದರು. ಕಾಕಾ ನನಗೆ ಹೇಳಿದ್ದು ಇಷ್ಟೇ: "ಇದೊಂದ ನೋಡೂಣು ಗಂಗವ್ವ. ಕುಂಡರಲಿಲ್ಲಂದ್ರ ಈ ದಸರಾಕ್ಕ ಖಂಡೇಪೂಜಿ ಮುಗಿಸಿ ಕೀಲಿ ಬಾಜೂದವರ ಕೈಯಾಗ ಇಡತೇನಿ."

ಬೆಂಗಳೂರು

ಟೊಪ್ಪಿಗೆಯನ್ನು ಕಾಕಾನ ಹಳೆಯ ಧೋತರದಲ್ಲಿ ಸುತ್ತಿ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಕುಂದಾದ ಡಬ್ಬಿಗಳ ನಡುವೆ ಬ್ಯಾಗಿನಲ್ಲಿಟ್ಟಿದ್ದೆವು. ವಿಮಾನ ನಿಲ್ದಾಣದಲ್ಲಿ ಬ್ಯಾಗು ಯಂತ್ರದೊಳಗೆ ಹೋಯಿತು, ಹೊರಗೆ ಬರಲಿಲ್ಲ. ನಮ್ಮನ್ನು ಕರೆದರು. ಒಬ್ಬ ಯುವಕ ಧೋತರ ಬಿಚ್ಚಿ, ಇದೇನು ಅಂತ ಕೇಳಿದ. ನಾನು ಇಂಗ್ಲಿಷಿನ ಉದ್ದನೆಯ ಹೆಸರು ನೆನಪಿಸಿಕೊಳ್ಳುವಷ್ಟರಲ್ಲಿ ಕಾಕಾ "ಟೊಪಗೀರಿ" ಅಂದುಬಿಟ್ಟರು.

ಅವನು ಕಾಕಾನ ತಲೆಯ ಮೇಲಿದ್ದ ಗಾಂಧಿ ಟೊಪ್ಪಿಗೆ ನೋಡಿದ. ಆಮೇಲೆ ಕಬ್ಬಿಣದ್ದನ್ನು ಎರಡೂ ಕೈಯಿಂದ ಎತ್ತಿ ನೋಡಿದ. "ಇದನ್ನ ಹಾಕ್ಕೊಳ್ಳೋ ತಲೆ ಎಲ್ಲಿದೆ ಸಾರ್?"

"ಶ್ರೀಲಂಕಾದಾಗ ಐತ್ರಿ" ಅಂದರು ಕಾಕಾ, ಒಂದಿಷ್ಟೂ ನಗದೆ.

ಯಂತ್ರದ ಫೋಟೋ ತೋರಿಸಿ, ಕಾಗದ ತೋರಿಸಿ ಪಾರಾದೆವು. ಅವನಿಗೆ ಹೆಚ್ಚು ಅನುಮಾನ ಬಂದದ್ದು ಕುಂದಾದ ಮೇಲೆ. ಕಾಕಾ ಡಬ್ಬಿ ತೆಗೆದು, ಸ್ವಲ್ಪ ಬಾಯಿಗೆ ಹಾಕಿಕೊಂಡು ನೋಡಲು ಹೇಳಿದರು. ಡ್ಯೂಟಿಯಲ್ಲಿದ್ದೇನೆ ಅಂತ ಅವನು ಕೈ ಮುಗಿದ.

ಕೊಲಂಬೊ

ಊಟಿಗೆ ಹೋಗಿ ಬಂದದ್ದು ಬಿಟ್ಟರೆ ನಾನು ದೂರ ಹೋದವಳಲ್ಲ. ಕೊಲಂಬೊದಲ್ಲಿ ಇಳಿದಾಗ ನನಗೆ ಅನಿಸಿದ್ದು ಇದು: ಅಕ್ಷರಗಳೆಲ್ಲ ನಮ್ಮವೇ, ಯಾರೋ ಇನ್ನಷ್ಟು ಗುಂಡಗೆ ಮಾಡಿ ಬರೆದಿದ್ದಾರೆ. ಓದೇಬಿಡುತ್ತೇನೆ ಅನಿಸುತ್ತದೆ, ಒಂದೂ ಓದಲು ಬರುವುದಿಲ್ಲ. ನಾನು ಅಂಗಡಿ ಅಂಗಡಿಯ ಫಲಕದ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ.

ಸುಂಕದವರ ಮೇಜಿನ ಮುಂದೆ ನಾನು ಕಾಗದಗಳನ್ನು ಮತ್ತೆ ಮತ್ತೆ ಎಣಿಸಿಕೊಂಡೆ. ಓದಿಕೊಂಡದ್ದು ನಿಜವಾಗುವುದನ್ನು ಮೊದಲ ಸಲ ನೋಡುವವಳು ನಾನು. ಅಲ್ಲಿದ್ದ ಅಧಿಕಾರಿ ಹುಟ್ಟಿದ ದೇಶದ ಕಾಗದ ನೋಡಿದರು, ಟೊಪ್ಪಿಗೆ ನೋಡಿದರು, ಒಂದು ಪುಟ ತಿರುವಿದರು, "ಹರಿ, ಹರಿ" ಅಂತ ಸಿಕ್ಕಾ ಒತ್ತಿ ಕಳಿಸಿದರು. ಅಷ್ಟೇ. ಸುಂಕ ಇಲ್ಲ. ನನಗೆ ಅಳುವೇ ಬಂತು. ಕಾಕಾ ಮಾತ್ರ ಬೇರೆಯದೇ ಯೋಚನೆಯಲ್ಲಿದ್ದರು.

"ಸಾಹೇಬರು ಭಾಳ ಭಕ್ತರು ಇದ್ದಂಗ ಅದಾರ."

ಆಟೋದವನು ಬಾಡಿಗೆ ಹೇಳಿದ, ನಾನು ಒಪ್ಪಿದೆ, ಅವನೂ "ಹರಿ ಹರಿ" ಅಂದ. ಖಾನಾವಳಿಯ ಅಮ್ಮ ಎಲೆಯಂಥ ತಟ್ಟೆ ಇಟ್ಟು "ಹರಿ?" ಅಂದಳು. ಕಾಕಾಗೆ ಖಾತ್ರಿಯಾಯಿತು. ನಮ್ಮ ಖಾನಾಪುರದ ಕಡೆ ಪಂಢರಪುರಕ್ಕೆ ನಡೆದುಕೊಂಡು ಹೋಗುವ ವಾರಕರಿಗಳು ಕುಂತರೂ ಎದ್ದರೂ ಹರಿ ಅನ್ನುತ್ತಾರಲ್ಲ, ಇಡೀ ಈ ದೇಶವೇ ಆ ಸಂಪ್ರದಾಯದ್ದು ಅಂತ ಅವರ ಲೆಕ್ಕ. ನಾವು ಬಸವಣ್ಣನ ಒಕ್ಕಲು, ಹಣೆಯ ಮೇಲೆ ವಿಭೂತಿ. ಸುಮ್ಮನಿರುವುದು ಸರಿಯಲ್ಲ ಅನಿಸಿ ಪ್ರತಿ "ಹರಿ ಹರಿ"ಗೂ ಕಾಕಾ ಕೈ ಮುಗಿದು "ಹರ ಹರ" ಅನ್ನತೊಡಗಿದರು. ಅಲ್ಲಿಯವರಿಗೆ ಅದು ಕೇಳಿ ಖುಷಿ. ಕಾಕಾ ಒಂದಕ್ಕೆ ಎರಡು ಅನ್ನುವರು, ಅವರು ಎರಡಕ್ಕೆ ನಾಲ್ಕು. ಸಂಜೆ ನಾನು ಮೊಬೈಲಿನಲ್ಲಿ ಹುಡುಕಿ ನೋಡಿದೆ. ಸಿಂಹಳದಲ್ಲಿ ಹರಿ ಅಂದರೆ ಸರಿ. ಆಯ್ತು, ಆಗಲಿ, ಅಷ್ಟೇ. ಕಾಕಾಗೆ ಹೇಳಿದರೆ ಅವರು ನಂಬಲಿಲ್ಲ. ಮೊಬೈಲಿಗೇನು ಗೊತ್ತು ಭಕ್ತಿ ಅಂದರು.

ಊಟದ ವಿಷಯಕ್ಕೆ ಒಂದು ಗಂಡಾಂತರ ತಪ್ಪಿತು. ಕೆಂಪಗೆ ಕಾಣುವ ತೆಂಗಿನಕಾಯಿಯ ಒಣ ಚಟ್ನಿ ಒಂದು ಅಲ್ಲಿ ಊಟಕ್ಕೆಲ್ಲ ಬರುತ್ತದೆ. ನೋಡಲು ಥೇಟ್ ನಮ್ಮದೇ. ಅದರಲ್ಲಿ ಒಣಮೀನಿನ ಚೂರು ಹಾಕುತ್ತಾರೆ ಅಂತ ಓದಿದ್ದು ತಟ್ಟನೆ ನೆನಪಾಗಿ, ಕಾಕಾನ ಕೈಯನ್ನು ಬಾಯಿಯ ಹತ್ತಿರ ಹಿಡಿದೆ. ಖಾನಾವಳಿಯ ಅಮ್ಮನಿಗೆ ಕೈಸನ್ನೆಯಲ್ಲೇ ಅರ್ಥವಾಯಿತು. ಒಳಗೆ ಹೋಗಿ ಮೀನಿಲ್ಲದ ಚಟ್ನಿ ಹೊಸದಾಗಿ ತಿರುವಿಕೊಂಡು ಬಂದಳು. ನಾವು ಶೇಂಗಾ ಚಟ್ನಿ ಕೊಟ್ಟೆವು. ಅದೊಂದು ಒಪ್ಪಂದ, ಯಾರೂ ಸಹಿ ಮಾಡಲಿಲ್ಲ.

ಹಟನ್‌ಗೆ ಹೋಗುವ ರೈಲು

ಕಾರ್ಖಾನೆ ಇದ್ದದ್ದು ಹಟನ್ ಎಂಬ ಗುಡ್ಡದ ಊರಿನ ಹತ್ತಿರ. ಲೋಂಡಾ ದಾಟಿ ಕ್ಯಾಸಲ್‌ರಾಕಿನಿಂದ ಘಾಟು ಇಳಿಯುವ ರೈಲಿನಲ್ಲಿ ಕೂತವರಿಗೆ ಈ ರೈಲು ಅದೇ ದಾರಿಯನ್ನು ಉಲ್ಟಾ ಓಡಿಸಿದಂತೆ ಕಾಣುತ್ತದೆ. ಅದೇ ಸುರಂಗ, ಅದೇ ಮಂಜು, ಸುರಂಗದಲ್ಲಿ ಅದೇ ಹುಡುಗರ ಕೂಗು. ಒಂದೇ ವ್ಯತ್ಯಾಸ, ನಮ್ಮಲ್ಲಿ ಕಾಡು, ಇಲ್ಲಿ ಬಾಚಣಿಗೆಯಲ್ಲಿ ಬಾಚಿದಂಥ ಚಹಾ ತೋಟ. ನಾನು ಬಾಗಿಲಲ್ಲಿ ನಿಂತವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಎದುರು ಸೀಟಿನಲ್ಲಿ ಕರಿಮೆಣಸಿನ ವ್ಯಾಪಾರಿಯೊಬ್ಬರು ಕೂತಿದ್ದರು. ಅವರ ಮೆಣಸು ನಮ್ಮ ದೇಶಕ್ಕೆ ಬರುತ್ತದಂತೆ, ಇದೇ ಒಪ್ಪಂದದ ಮೇಲೆ. ಒಪ್ಪಂದ ಆದ ಮೇಲೆ ತಮ್ಮ ಊರಿನಲ್ಲಿ ಮನೆ ಮನೆಗೂ ಬಳ್ಳಿ ಹಬ್ಬಿತು ಅಂತ ಅವರು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದ್ದನ್ನು ನಾನು ಉತ್ಸಾಹದಲ್ಲಿ ಕಾಕಾಗೆ ಹೇಳಿಬಿಟ್ಟೆ. ಹೇಳಬಾರದಿತ್ತು. ನಮ್ಮ ಬೀಗರಿಗೆ ಜಾಂಬೋಟಿಯಲ್ಲಿ ಮೆಣಸಿನ ಬಳ್ಳಿಗಳಿವೆ.

"ಅವರಿಗೆ ಹೇಳು. ನಿಮ್ಮ ಮೆಣಸು ಬಂದು ನಮ್ಮ ಬೀಗರ ಮೆಣಸಿನ ಎದಿ ಮ್ಯಾಲೆ ಕುಂತೈತಿ ಅಂತ ಹೇಳು."

ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಅವರು ನಕ್ಕು, ನಿಮ್ಮ ಮೋಟರ್‌ಸೈಕಲ್ಲು, ಆಟೋ ಬಂದು ನಮ್ಮ ರಸ್ತೆಯ ಮೇಲೆಲ್ಲ ಕೂತಿಲ್ಲವೇ ಅಂತ ಕಿಟಕಿಯಿಂದ ಹೊರಗೆ ತೋರಿಸಿದರು. ಕಾಕಾ ನೋಡಿದರು. ಅವರ ಮುಖದಲ್ಲಿ ಎರಕದ ಕೆಲಸಗಾರನ ಹೆಮ್ಮೆ ಬಂತು, ಅದರ ಹಿಂದೆಯೇ ಬೀಗರ ನೆನಪೂ ಬಂತು. ಬೆಲೆ ಬಿದ್ದಾಗ ಬೀಗರು ಏನು ಮಾಡಬೇಕು ಅನ್ನುವುದಕ್ಕೆ ನಾನು ಓದಿದ ಯಾವ ಸುತ್ತೋಲೆಯಲ್ಲೂ ಉತ್ತರ ಇರಲಿಲ್ಲ. ಇದನ್ನು ಮುಚ್ಚಿಟ್ಟು ಒಪ್ಪಂದ ಎಲ್ಲರಿಗೂ ಹಬ್ಬ ಅಂತ ಬರೆಯಲು ನನಗೆ ಮನಸ್ಸಿಲ್ಲ. ಆದರೂ ಇಳಿಯುವ ಮೊದಲು ಆ ವ್ಯಾಪಾರಿ ಕಾಕಾನ ಅಂಗೈಗೆ ಒಂದು ಹಿಡಿ ಮೆಣಸು ಹಾಕಿದರು. ಕಾಕಾ ಒಂದು ಕಾಳು ಕಡಿದು, "ಖಾರ ಐತಿ. ಬೀಗರಿಗೆ ಹೇಳೂದು ಬ್ಯಾಡ" ಅಂದರು.

ಕಾರ್ಖಾನೆ

ಗುಡ್ಡದ ನೆತ್ತಿಯ ಮೇಲೆ ಬೆಳ್ಳಿ ಬಣ್ಣದ ತಗಡಿನ ಎತ್ತರದ ಕಟ್ಟಡ. ಒಳಗೆ ಕಾಲಿಟ್ಟರೆ ವಾಸನೆಗೇ ನಿದ್ದೆ ಹಾರುತ್ತದೆ. ಮ್ಯಾನೇಜರ್ ನಿಮಲ್ ಅಂತ, ಸಿಂಹಳದವರು. ಯಂತ್ರ ನೋಡಿಕೊಳ್ಳುವ ಫಿಟ್ಟರ್ ಮುತ್ತಯ್ಯ, ತಮಿಳು ಮಾತಾಡುವವರು. ಕಾಕಾನ ವಯಸ್ಸಿನವರೇ. ಬಂದವರಿಗೆ ಮೊದಲು ಹಾಲಿಲ್ಲದ ಚಹಾ ಕೊಟ್ಟರು. ಸಕ್ಕರೆ ಹಾಕಿರಲಿಲ್ಲ, ಅಂಗೈಗೆ ಒಂದು ಚೂರು ಬೆಲ್ಲ ಕೊಟ್ಟರು. ಬೆಲ್ಲ ಕಡಿಯುತ್ತಾ ಚಹಾ ಕುಡಿಯುವುದು. ಕಾಕಾನ ಅವ್ವ, ಅಂದರೆ ನಮ್ಮ ಅಜ್ಜಿ, ಹೀಗೇ ಕುಡಿಯುತ್ತಿದ್ದಳು. ಕಾಕಾ ಎರಡು ಲೋಟ ಕುಡಿದರು.

ನಿಮಲ್ ನಮಗೆ ನಿಂತಿದ್ದ ಯಂತ್ರ ತೋರಿಸಿದರು. ಕಾರ್ಖಾನೆಯ ಕಷ್ಟ ಅಲ್ಲಿ ನಿಂತಾಗ ತಿಳಿಯಿತು. ಚಹಾದ ಎಲೆ ನಮ್ಮ ಜೋಳದ ಹಾಗೆ ಕಾಯುವುದಿಲ್ಲ. ಕಿತ್ತದ್ದನ್ನು ಬಾಡಿಸಿ ಹೊತ್ತಿಗೆ ಸರಿಯಾಗಿ ಹೊಸೆಯಬೇಕು, ಇಲ್ಲದಿದ್ದರೆ ಕೆಟ್ಟಿತು. ಒಂದು ಯಂತ್ರ ನಿಂತರೆ ಅಷ್ಟು ಎಲೆ ಬೇಡ ಅನ್ನಬೇಕಾಗುತ್ತದೆ, ಕೀಳುವ ಹೆಂಗಸರು ಅರ್ಧ ಬುಟ್ಟಿಗೇ ಮನೆಗೆ ಹೋಗಬೇಕಾಗುತ್ತದೆ. ಮೊದಲು ಇಂಥ ಭಾಗ ದೂರದ ದೇಶದಿಂದ ಬರಬೇಕಿತ್ತಂತೆ. ಬರುವವರೆಗೆ ತೇಪೆ ಹಾಕಿಯೇ ದಿನ ನೂಕುತ್ತಿದ್ದರು. ಪಕ್ಕದ ಮನೆಯಿಂದ, ಸುಂಕ ಇಲ್ಲದೆ ಬಂದರೆ ನಮಗೂ ಒಳ್ಳೆಯದು ಅಂತ ಅವರು ಹೇಳಿದ್ದನ್ನು ಕೇಳಿ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಕೂಡಲೇ ಅವರು ಇನ್ನೊಂದು ಮಾತು ಸೇರಿಸಿದರು. ಸಂಜೆಯ ಎಲೆಗೆ ಯಂತ್ರ ತಿರುಗಬೇಕು. ಆಗದಿದ್ದರೆ ತೇಪೆ ಹಾಕಿದ ಹಳೆಯದನ್ನೇ ಕೂರಿಸುತ್ತೇನೆ, ನೀವು ಬೇಸರ ಮಾಡಿಕೊಳ್ಳಬಾರದು ಅಂದರು.

ಮುತ್ತಯ್ಯ ಟೊಪ್ಪಿಗೆಯನ್ನು ಕಾಲಿನ ಮೇಲೆ ಇಟ್ಟು ಬೋಲ್ಟು ಬಿಗಿದು ನೋಡಿದರು. ಯಂತ್ರ ಎದುರು ಕಡೆಗೆ ವಾಲಿತು. ತಲೆ ಅಲ್ಲಾಡಿಸಿ ನನಗೆ ಹೇಳಿದರು: "ಒರು ನೂಲ್ ಜಾಸ್ತಿ."

ತಮಿಳು ಬಾರದವಳಿಗೂ ಅರ್ಥವಾಗುವಂಥದ್ದೇ. ಒಂದು ನೂಲು ಜಾಸ್ತಿ. ನೂಲು ಅಂದರೆ ದಾರ, ದಾರ ಅಂದರೆ ಇಂಗ್ಲಿಷಿನಲ್ಲಿ ಥ್ರೆಡ್, ಥ್ರೆಡ್ ಅಂದರೆ ಬೋಲ್ಟಿನ ಮೇಲಿನ ಸುರುಳಿ ಗೆರೆ. ನಾನು ಬಹಳ ಜಾಣೆಯ ಹಾಗೆ ತಿರುಗಿ, ಬೋಲ್ಟಿನ ಥ್ರೆಡ್ ತಪ್ಪಿದೆಯಂತೆ ಅಂತ ಕಾಕಾಗೆ ಹೇಳಿದೆ. ಕಾಕಾನ ಮುಖ ಇಳಿಯಿತು. ಬೋಲ್ಟು ಬಿಚ್ಚಿದೆವು. ಬೇರೆ ಬೋಲ್ಟು ಹಾಕಿದೆವು. ಹಳೆಯ ಬೋಲ್ಟು ಹುಡುಕಿದೆವು. ಎಲ್ಲಾ ಬೋಲ್ಟೂ ಸರಾಗ ಇಳಿಯುತ್ತಿದ್ದವು. ಯಂತ್ರ ಮಾತ್ರ ವಾಲುತ್ತಲೇ ಇತ್ತು. ಮುತ್ತಯ್ಯ ಪ್ರತಿ ಸಲವೂ ಸ್ವಲ್ಪ ಇನ್ನೂ ಗಟ್ಟಿಯಾಗಿ ನೂಲ್ ನೂಲ್ ಅನ್ನುವರು, ನಾನು ಇನ್ನೊಂದು ಬೋಲ್ಟು ತಂದುಕೊಡುವೆ. ಆ ಮನುಷ್ಯ ನನ್ನನ್ನು ಏನೆಂದುಕೊಂಡರೋ.

ಊಟದ ಹೊತ್ತಾಯಿತು. ಮೂವರೂ ಬಾಗಿಲ ಮೆಟ್ಟಿಲ ಮೇಲೆ ಕೂತೆವು. ಕಾಕಾ ರೊಟ್ಟಿ ಮುರಿದು ಮುತ್ತಯ್ಯನವರ ಕೈಗೆ ಕೊಟ್ಟರು, ತಾವು ತಿನ್ನಲಿಲ್ಲ. ಕೆಳಗೆ ತೋಟದಲ್ಲಿ ಹೆಂಗಸರು ಹಣೆಗೆ ಬುಟ್ಟಿಯ ಹಗ್ಗ ಕಟ್ಟಿಕೊಂಡು ಸಾಲಾಗಿ ಹೋಗುತ್ತಿದ್ದರು. ಅವರನ್ನೇ ನೋಡುತ್ತಾ ಕಾಕಾ, "ತಪ್ಪ ಎಲ್ಲಿ ಆತು ಅಂತ ತಿಳಿದ್ರ ಸಾಕಾಗಿತ್ತವಾ. ಶೆಡ್ ಹ್ವಾದ್ರ ಹೋಗ್ಲಿ" ಅಂದರು. ಅವರ ದನಿ ಅಷ್ಟು ಕುಗ್ಗಿದ್ದನ್ನು ನಾನು ಕೇಳಿದ್ದೇ ಇರಲಿಲ್ಲ.

ಮುತ್ತಯ್ಯನವರಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ರೊಟ್ಟಿ ಬದಿಗಿಟ್ಟು, ಜೇಬಿನಿಂದ ಅಳತೆ ಟೇಪು ತೆಗೆದು ಒಂದು ಇಂಚು ಎಳೆದರು. ಇಂಚಿನೊಳಗಿನ ಒಂದು ಸಣ್ಣ ಗೆರೆಯ ಮೇಲೆ ಹೆಬ್ಬೆರಳಿನ ಉಗುರು ಇಟ್ಟು ನನ್ನ ಮುಖ ನೋಡಿದರು. "ನೂಲ್."

ನಾನು ಆ ಉಗುರನ್ನೇ ನೋಡುತ್ತಿದ್ದೆ. ಆ ಗೆರೆಯನ್ನು ದಿನಾ ನೋಡಿದ್ದೇನೆ. ಇಂಚಿನಲ್ಲಿ ಎಂಟು ಪಾಲು ಮಾಡಿದರೆ ಒಂದು ಪಾಲು. ಉದ್ಯಮಬಾಗದಲ್ಲಿ ಅದಕ್ಕೆ ಎಲ್ಲರೂ ಸೂತು ಅನ್ನುತ್ತಾರೆ.

"ಕಾಕಾ, ಮರಾಠಿಯಾಗ ಸೂತ ಅಂದ್ರ ಏನ್ರಿ?"

"ಸೂತ ಅಂದ್ರ ದಾರ. ಈಗ್ಯಾಕ ಅದು?"

"ನೂಲು ಅಂದ್ರ?"

"ದಾರ," ಅಂದವರು ಬಾಯಿ ಹಾಗೇ ಬಿಟ್ಟುಕೊಂಡು ಕೂತರು. ಆಮೇಲೆ ನಿಧಾನಕ್ಕೆ ಮುತ್ತಯ್ಯನವರ ಕಡೆ ತಿರುಗಿ, ಅದೇ ಗೆರೆಯ ಮೇಲೆ ತಮ್ಮ ಉಗುರು ಇಟ್ಟು "ಸೂತು" ಅಂದರು. ಮುತ್ತಯ್ಯ "ನೂಲ್" ಅಂದರು. ಕಾಕಾ ಮತ್ತೆ "ಸೂತು" ಅಂದರು. ಇಬ್ಬರೂ ತೊಡೆ ತಟ್ಟಿಕೊಂಡು ನಗತೊಡಗಿದರು. ಖಾನಾಪುರದಲ್ಲಿ ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ ಮಾತಾಡಿ ಬೆಳೆದ ನಾನು ಇಂಗ್ಲಿಷಿನ ಮೂಲಕ ಸುತ್ತು ಹಾಕಿಕೊಂಡು ಹೋಗಿ ದಾರಿ ತಪ್ಪಿದ್ದೆ.

ಆಮೇಲೆ ಎಲ್ಲಾ ಬಿಡಿಸಿಕೊಂಡಿತು. ನಮ್ಮ ಟೊಪ್ಪಿಗೆ ಮೂಲ ಅಳತೆಗೆ ಸರಿಯಾಗೇ ಇತ್ತು. ಉಳಿದ ಎರಡನ್ನು ಇಷ್ಟು ವರ್ಷ ಸವೆದಂತೆಲ್ಲ ಮಟ್ಟ ಮಾಡುತ್ತಾ, ಕೆರೆಯುತ್ತಾ ಬಂದು ಒಂದು ಸೂತು ತಗ್ಗಿಸಿದ್ದರು. ಮುದುಕರ ನಡುವೆ ಹರೆಯದವನು ಒಬ್ಬನೇ ಎದ್ದು ನಿಂತಂತೆ ನಮ್ಮದು ಎತ್ತರವಾಗಿತ್ತು. ತಪ್ಪು ಯಾರದ್ದೂ ಅಲ್ಲ.

ಹಟನ್ ಪೇಟೆ

ನಮ್ಮದನ್ನೂ ಒಂದು ಸೂತು ತಗ್ಗಿಸಲು, ಟೊಪ್ಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುತ್ತಯ್ಯನವರ ಜೊತೆ ಆಟೋದಲ್ಲಿ ಗುಡ್ಡ ಇಳಿದೆವು. ಆಟೋ ನಮ್ಮ ದೇಶದ್ದೇ, ಕಾಕಾ ಅದರ ತಗಡನ್ನು ತಟ್ಟಿ ಮಾತಾಡಿಸಿದರು. ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಲೇತ್ ಅಂಗಡಿ. ಬಾಗಿಲಲ್ಲಿ ಕಬ್ಬಿಣದ ಸುರುಳಿ ಚೂರುಗಳ ರಾಶಿ, ಎಣ್ಣೆಯ ವಾಸನೆ, ಗೋಡೆಯ ಮೇಲೆ ಕಪ್ಪಾದ ಕ್ಯಾಲೆಂಡರು. ಒಂದು ಕ್ಷಣ ನಾನು ಉದ್ಯಮಬಾಗದ ಎರಡನೇ ಗಲ್ಲಿಯಲ್ಲಿದ್ದೇನೆ ಅನಿಸಿತು.

ಅಂಗಡಿಯವರು ಟೊಪ್ಪಿಗೆಯನ್ನು ಲೇತಿಗೆ ಕಚ್ಚಿಸಿ, ತಳಕ್ಕೆ ಉಳಿ ತಾಗಿಸಿದರು. ಮೊದಲ ಸುತ್ತಿನಲ್ಲೇ ಕಪ್ಪು ಸಿಪ್ಪೆ ಹೋಯಿತು, ಒಳಗಿನ ಬೂದಿ ಬಣ್ಣದ ಕಬ್ಬಿಣ ಬೆಳಗಿತು. ಅವರು ಯಂತ್ರ ನಿಲ್ಲಿಸಿ ಆ ಮೈಮೇಲೆ ಬೆರಳಾಡಿಸಿದರು, ಮುತ್ತಯ್ಯನವರಿಗೆ ಏನೋ ಹೇಳಿದರು. ಒಳಗೆ ಒಂದು ತೂತಿಲ್ಲ, ಗಾಳಿಗುಳ್ಳೆ ಇಲ್ಲ, ಎರಕ ಚೆನ್ನಾಗಿ ಬಿದ್ದಿದೆ ಅಂತ. ಮುತ್ತಯ್ಯ ಅದನ್ನು ಕೈಸನ್ನೆಯಲ್ಲಿ ಕಾಕಾಗೆ ದಾಟಿಸಿದರು. ಎಲ್ಲರಿಗೂ ಎದುರುತ್ತರ ಕೊಡುವ ನಮ್ಮ ಕಾಕಾ ತಲೆಯ ಮೇಲಿನ ಟೊಪ್ಪಿಗೆ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡರು.

ಮತ್ತೆ ಕಾರ್ಖಾನೆ

ಗುಡ್ಡ ಹತ್ತುವಾಗ ಹೆಂಗಸರು ತುಂಬಿದ ಬುಟ್ಟಿ ಹೊತ್ತು ತೂಕಕ್ಕೆ ಹೋಗುತ್ತಿದ್ದರು. ನಿಮಲ್ ಬಾಗಿಲಲ್ಲೇ ನಿಂತಿದ್ದರು. ಪಕ್ಕದಲ್ಲಿ ತೇಪೆ ಹಾಕಿದ ಹಳೆಯ ಟೊಪ್ಪಿಗೆ ತಯಾರಾಗಿ ಕೂತಿತ್ತು. ಮುತ್ತಯ್ಯ ನಮ್ಮದನ್ನು ಕೂರಿಸಿದರು. ಬೋಲ್ಟು ಬಿಗಿಯುವಾಗ ಕಾಕಾನೂ ಪಾನಾ ಹಿಡಿದರು, ಯಾರೂ ಬೇಡ ಅನ್ನಲಿಲ್ಲ.

ಸ್ವಿಚ್ಚು ಹಾಕಿದರು. ಯಂತ್ರ ಒಂದು ಸಲ ನಡುಗಿ, ನಿಧಾನವಾಗಿ ತಿರುಗತೊಡಗಿತು. ಮುತ್ತಯ್ಯ ಅದರ ಮೇಲಿಟ್ಟ ಲೋಟದ ನೀರು ತುಳುಕುತ್ತದೋ ಅಂತ ನೋಡುವವರ ಹಾಗೆ ಬಗ್ಗಿ ಒಂದೇ ಕಡೆ ನೋಡುತ್ತಾ ನಿಂತರು. ವಾಲಲಿಲ್ಲ. ಮೇಲಿನಿಂದ ಬಾಡಿದ ಎಲೆ ಸುರಿದರು. ಎಲೆ ಹೊಸೆದು ಹೊಸೆದು ಹಸಿರು ವಾಸನೆ ಎದ್ದಿತು. ನನಗೆ ಕಾಕಾನ ಮುಖ ನೋಡಲು ಧೈರ್ಯ ಬರಲಿಲ್ಲ, ಅವರ ಕೈಯಲ್ಲಿದ್ದ ಪಾನಾ ನೋಡುತ್ತಿದ್ದೆ.

ನಿಮಲ್ ಯಂತ್ರದ ಸುತ್ತ ಒಂದು ಸುತ್ತು ಹಾಕಿದರು. ನಮ್ಮ ಟೊಪ್ಪಿಗೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಬಿಸಿಯಾಗಿದೆಯೇ, ನಡುಗುತ್ತದೆಯೇ ಅಂತ ನೋಡಿದ್ದಿರಬೇಕು. ಆಮೇಲೆ ಕೈ ತೆಗೆದು ಕಾಕಾನ ಕಡೆ ತಿರುಗಿದರು.

"ಹರಿ" ಅಂದರು.

ಕಾಕಾ ಪಾನಾ ಕೆಳಗಿಟ್ಟು, ಎಣ್ಣೆಯ ಕೈಗಳನ್ನೇ ಜೋಡಿಸಿದರು. "ಹರ ಹರ" ಅನ್ನುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರು ನನ್ನ ಕಡೆ ಒಮ್ಮೆ ನೋಡಿ, ನಿಮಲ್ ಅವರ ಹಾಗೇ "ಹರಿ" ಅಂದರು.

ಆಮೇಲೆ ನನಗೆ ಮಾತ್ರ ಕೇಳುವ ಹಾಗೆ: "ಗಂಗವ್ವ, ಶೆಡ್ಡಿಗೆ ಫೋನ್ ಹಚ್ಚು. ಆರಿದ ಭಟ್ಟಿ ಕಸಾ ಹೊಡೀರಿ, ಮತ್ತ ಹೊತ್ತಸೂದೈತಿ ಅಂತ ಹೇಳು."